ಮೂರನೆಯ ಸಾಕ್ಷಿ: ಮಗಳಿಗೊಂದು ಪತ್ರ

ಪುಟ್ಟೀ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ನೋಡಿದರೆ ಒಲೆ ಮೇಲಿನ ಸಾರು ತಳ ಹಿಡಿದಿತ್ತು. ಮತ್ತೆ ಫೋನ್ ಮಾಡಲಿಲ್ಲ. ಮಾಡಿದರೆ ನೀನು ಅಳುತ್ತೀಯ, ನಾನೂ ಅಳುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಈ ಕಾಗದ.

"63ಕ್ಕೆ ಮದುವೆ ಯಾಕಮ್ಮಾ" ಅಂದೆ. ಸಂಜೆ ದೀಪ ಹಚ್ಚಿದ ಮೇಲೆ ಮಾತಾಡಲು ಒಬ್ಬರು ಬೇಕು ಅನ್ನಿಸುತ್ತದೆ. ಅದಕ್ಕಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಆದರೆ ನಿನ್ನ ಬಾಯಿವರೆಗೂ ಬಂದು ನಿಂತ ಇನ್ನೊಂದು ಪ್ರಶ್ನೆ ಇತ್ತು. ಮನೆ ಏನಾಗುತ್ತೆ ಅಂತ. ಅದನ್ನು ಕೇಳುವುದು ತಪ್ಪು ಅಂದುಕೊಂಡೆಯೇನೋ. ತಪ್ಪಲ್ಲ. ನಾನೇ ಮೊದಲು ಕೇಳಿದ್ದು ಅದನ್ನೇ.

ಪೋಸ್ಟ್ ಮಾಸ್ಟರು ಪರಿಚಯವಾದದ್ದು ಬ್ಯಾಂಕಿನಲ್ಲಿ, ನವೆಂಬರ್ ತಿಂಗಳ ಜೀವನ ಪ್ರಮಾಣದ ಸಾಲಿನಲ್ಲಿ. ಪೆನ್ಷನ್ ತೆಗೆದುಕೊಳ್ಳುವವರು ಬದುಕಿದ್ದೇವೆ ಅಂತ ತೋರಿಸಬೇಕಲ್ಲ, ಅದು. ನನ್ನ ಹೆಬ್ಬೆಟ್ಟನ್ನು ಮೆಷಿನ್ ಹಿಡಿಯುತ್ತಲೇ ಇರಲಿಲ್ಲ. ನಲವತ್ತು ವರ್ಷ ಪಾತ್ರೆ ತಿಕ್ಕಿದ ಬೆರಳು, ಗೆರೆ ಎಲ್ಲಿ ಉಳಿದಿರುತ್ತೆ? ಹಿಂದೆ ನಿಂತಿದ್ದವರು "ಉಂಗುರದ ಬೆರಳು ಇಟ್ಟು ನೋಡಿ" ಅಂದರು. ಹಿಡಿಯಿತು. ಮರುಮದುವೆ ಆಗಿದ್ದೀರಾ ಅಂತ ಅಲ್ಲೇ ಒಂದು ಪ್ರಶ್ನೆ ಇರುತ್ತದೆ. ಕೌಂಟರಿನ ಹುಡುಗ ನನ್ನನ್ನು ಕೇಳದೆಯೇ 'ಇಲ್ಲ' ಅಂತ ಒತ್ತಿಬಿಟ್ಟ. ಈ ವಯಸ್ಸಿನವರನ್ನು ಅದೇನು ಕೇಳೋದು ಅನ್ನೋ ಹಾಗೆ.

ಇನ್ನು ಅಲ್ಲಿ 'ಹೌದು' ಅನ್ನಬೇಕು. ನಿಮ್ಮಪ್ಪನ ರೈಲ್ವೆ ಫ್ಯಾಮಿಲಿ ಪೆನ್ಷನ್ ಅಲ್ಲಿಗೆ ನಿಲ್ಲುತ್ತದೆ. ಮಕ್ಕಳಿಲ್ಲದ ವಿಧವೆಗೆ, ಬೇರೆ ಆದಾಯ ತೀರಾ ಕಡಿಮೆ ಇದ್ದರೆ, ಮರುಮದುವೆ ಆದರೂ ಕೊಡುತ್ತಾರೆ. ನನಗೆ ನೀನಿದ್ದೀಯಲ್ಲ, ಹಾಗಾಗಿ ಇಲ್ಲ. (ನಿನ್ನನ್ನು ಹೆತ್ತಿದ್ದಕ್ಕೆ ದಂಡ ಅಂತ ಪೋಸ್ಟ್ ಮಾಸ್ಟರು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.) ಆ ದುಡ್ಡು ಹೋಗುವುದು ನನಗೂ ಸಂಕಟವೇ. ನಿಮ್ಮಪ್ಪ ವರ್ಕ್‌ಶಾಪಿನಲ್ಲಿ ಬೆವರು ಸುರಿಸಿದ ದುಡ್ಡು ಅದು.

"ಹಾಗಾದರೆ ಸುಮ್ನೆ ಜೊತೆಗಿರಲಿ, ಸಹಿ ಯಾಕೆ" ಅಂತ ಅಳಿಯಂದಿರು ಅಂದರಂತೆ. ಲೆಕ್ಕ ಸರಿಯೇ. ಇಬ್ಬರು ದೊಡ್ಡವರು ಒಟ್ಟಿಗಿರುವುದು ಅಪರಾಧವಲ್ಲ, ಪೆನ್ಷನ್ ಆಸೆಗೆ ಹಾಗೇ ಇರುವವರೂ ಇದ್ದಾರೆ. ಆದರೆ ವಾರಸುದಾರರ ಪಟ್ಟಿಯಲ್ಲಿ 'ಜೊತೆಗಿದ್ದವಳು' ಅನ್ನುವ ಸಾಲು ಇಲ್ಲ. ಆಸ್ಪತ್ರೆಯಲ್ಲಿ ಸಂಬಂಧ ಏನು ಅಂತ ಕೇಳಿದರೆ ನಾನು ಏನು ಬರೆಸಲಿ? ಅವರದು ಅಂಚೆ ಇಲಾಖೆ, ಕೇಂದ್ರ ಸರ್ಕಾರದ ಪೆನ್ಷನ್. ನಿವೃತ್ತಿ ಆದ ಮೇಲೆ ಕಟ್ಟಿಕೊಂಡ ಹೆಂಡತಿಗೂ ಅದರಲ್ಲಿ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಅಂಥವರನ್ನು ಹೊರಗಿಡುವುದು ಸರಿಯಲ್ಲ ಅಂತ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೆಂಡತಿ ಆಗಿರಬೇಕು, ಅಷ್ಟೇ.

ನಿನ್ನ ದೊಡ್ಡಪ್ಪನದು ಬೇರೆಯೇ ರಾಗ. "ಮದುವೆ ಆದರೆ ತಮ್ಮನ ಮನೆಯ ಮೇಲೆ ನಿನಗೆ ಹಕ್ಕಿಲ್ಲ" ಅಂತ ನನಗೆ ಅಂದರು. 1856ರ ವಿಧವಾ ವಿವಾಹ ಕಾಯ್ದೆಯಲ್ಲಿ ಹಾಗೇ ಇತ್ತು. ಮತ್ತೆ ಮದುವೆಯಾದವಳು ಮೊದಲ ಗಂಡನ ಆಸ್ತಿ ಬಿಡಬೇಕಿತ್ತು. 1956ರ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹೆಣ್ಣಿಗೆ ಬಂದ ಆಸ್ತಿ ಪೂರ್ತಿ ಅವಳದೇ. ಹಳೆಯ ಕಾಯ್ದೆಯನ್ನು 1983ರಲ್ಲಿ ತೆಗೆದೂ ಹಾಕಿದರು. ದೊಡ್ಡಪ್ಪನಿಗೆ ಯಾರೂ ಹೇಳಿಲ್ಲ ಅಂತ ಕಾಣುತ್ತದೆ.

ಈಗ ಮನೆ. ನಿಮ್ಮಪ್ಪ ವಿಲ್ ಬರೆಯದೆ ಹೋದರು. ಅಜ್ಜಿ ಆಗಲೇ ಇರಲಿಲ್ಲ, ಹಾಗಾಗಿ ನನಗರ್ಧ ನಿನಗರ್ಧ. ನೀನು ನಿನ್ನ ಅರ್ಧಕ್ಕೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟೆ. "ನಿನಗೇ ಇರಲಮ್ಮ, ಯಾರ ಮುಂದೆಯೂ ಕೈಚಾಚಬೇಡ" ಅಂದಿದ್ದೆ. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹೊರಗೆ ಬಂದು ಇಬ್ಬರೂ ಕಬ್ಬಿನ ಹಾಲು ಕುಡಿದೆವು, ನೆನಪಿದೆಯಾ? ಅದನ್ನು ನಾನು ಮರೆತಿಲ್ಲ. ಮರೆತಿಲ್ಲ ಅನ್ನೋದಕ್ಕೇ ವಕೀಲರಮ್ಮನ ಹತ್ತಿರ ಹೋದದ್ದು.

ಅವರು ಹೇಳಿದ್ದು ಕೇಳಿ ಎದೆ ಧಸಕ್ಕಂದಿತು. ಮದುವೆ ಆದ ಮೇಲೆ ನಾನು ವಿಲ್ ಬರೆಯದೆ ಕಣ್ಣು ಮುಚ್ಚಿದರೆ, ನನ್ನ ಆಸ್ತಿ ಮಕ್ಕಳಿಗೂ ಗಂಡನಿಗೂ ಸಮಪಾಲು. ಗಂಡ ಅಂದರೆ ಆಗ ಇರುವ ಗಂಡ. ನಿಮ್ಮಪ್ಪ ಕಟ್ಟಿಸಿದ ಮನೆಯಲ್ಲಿ ಅರ್ಧ ಪೋಸ್ಟ್ ಮಾಸ್ಟರಿಗೆ, ಅವರ ನಂತರ ಅವರ ಗಂಡುಮಕ್ಕಳಿಗೆ. ಗಂಡನಿಂದ ಬಂದದ್ದು ಗಂಡನ ಕಡೆಗೇ ವಾಪಸ್ಸು ಅನ್ನೋ ನಿಯಮ ಇದೆಯಂತೆ, ಆದರೆ ಅದು ಮಕ್ಕಳಿಲ್ಲದವಳಿಗೆ ಮಾತ್ರ.

ಈಗಲೇ ನಿನಗೆ ದಾನಪತ್ರ ಮಾಡಿಬಿಡುತ್ತೇನೆ ಅಂದೆ. ವಕೀಲರಮ್ಮ ಕೈ ಅಡ್ಡ ಹಿಡಿದರು. "ಮಗಳು ಒಳ್ಳೆಯವಳೇ ಇರಬಹುದು, ಬದುಕಿರುವಾಗ ಇರೋ ಒಂದು ಸೂರು ಕೊಡಬೇಡಿ" ಅಂದರು. ಬೇಜಾರಾಗಬೇಡ, ಎಲ್ಲರಿಗೂ ಅದನ್ನೇ ಹೇಳುತ್ತಾರಂತೆ. ಹಾಗಾಗಿ ವಿಲ್ ಬರೆದೆ. ಮನೆ ಪೂರ್ತಿ ನಿನಗೆ. ನಾನು ಮೊದಲು ಹೋದರೆ ಪೋಸ್ಟ್ ಮಾಸ್ಟರು ಒಂದು ವರ್ಷ ಇಲ್ಲಿರಬಹುದು, ಆಮೇಲೆ ತಮ್ಮ ನಂಜನಗೂಡಿನ ಮನೆಗೆ. ಆ ಮಾತು ಸೇರಿಸಿ ಅಂದವರು ಅವರೇ. ಅವರೂ ತಮ್ಮ ಮಕ್ಕಳ ಹೆಸರಿಗೆ ಬರೆದಿದ್ದಾರೆ. ಮದುವೆಗೆ ಮುಂಚೆ ಬರೆದ ವಿಲ್ ಮದುವೆ ಆದ ಕೂಡಲೇ ಬಿದ್ದುಹೋಗುತ್ತಾ ಅಂತಲೂ ಕೇಳಿದೆ. ಕ್ರೈಸ್ತರಿಗೆ, ಪಾರ್ಸಿಗಳಿಗೆ ಹಾಗಂತೆ. ನಮಗೆ ಇಲ್ಲ.

ವಿಲ್ ಅನ್ನು ನಾಳೆ ಬದಲಾಯಿಸಬಹುದಲ್ವಾ ಅಂತ ನೀನು ಕೇಳಬಹುದು. ಬದಲಾಯಿಸಬಹುದು. ಅದಕ್ಕೆ ನನ್ನ ಹತ್ತಿರ ಇರುವುದು ನನ್ನ ಮಾತು ಮಾತ್ರ.

ಮಲತಂದೆಯನ್ನೂ ಮುಂದೆ ನಾವೇ ಸಾಕಬೇಕಾ ಅಂತ ಅಳಿಯಂದಿರ ಇನ್ನೊಂದು ಪ್ರಶ್ನೆ. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ 'ಪೋಷಕರು' ಅಂದರೆ ಮಲತಂದೆ, ಮಲತಾಯಿಯೂ ಸೇರುತ್ತಾರೆ, ನಿಜ. ಅವರಿಗೆ ಪೆನ್ಷನ್ ಇದೆ, ಇಬ್ಬರು ಮಕ್ಕಳಿದ್ದಾರೆ. ನಿಮ್ಮ ಬಾಗಿಲಿಗೆ ಬರುವವರಲ್ಲ.

ಶಾಸ್ತ್ರ, ಓಲಗ ಏನೂ ಬೇಡ ಅಂತ ಇಬ್ಬರಿಗೂ ಅನ್ನಿಸಿತು. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ ಶಾಸ್ತ್ರ ಆಗಲೇಬೇಕು, ಬರೀ ನೋಂದಣಿ ಸಾಲದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಮದುವೆಯಾದರೆ ಆಸ್ತಿ ಹಂಚುವ ಕಾನೂನೇ ಬೇರೆಯಾಗುತ್ತೆ ಅಂತ ಯಾರೋ ಹೆದರಿಸಿದರು. ಇಬ್ಬರೂ ಹಿಂದೂಗಳಾದರೆ 1976ರಿಂದ ಹಾಗಿಲ್ಲ.

ಮದುವೆ ಆಗುತ್ತೇವೆ ಅಂತ ಕಚೇರಿಗೆ ಕೊಡುವ ನೋಟಿಸ್ ಜೊತೆ ನಿಮ್ಮಪ್ಪನ ಮರಣ ಪ್ರಮಾಣ ಪತ್ರ ಕೊಡಬೇಕಿತ್ತು. ಬೀರುವಿನಿಂದ ತೆಗೆದಾಗ ಅದರ ಜೊತೆಗೆ ನಿಮ್ಮಪ್ಪನ ಹಳೆಯ ರೈಲ್ವೆ ಪಾಸ್ ಕೆಳಗೆ ಬಿತ್ತು. ಅವತ್ತು ಹೋಗಲಿಲ್ಲ. ಮೂರು ದಿನ ಬಿಟ್ಟು ಹೋದೆ. ಈಗ ನಮ್ಮಿಬ್ಬರ ಹೆಸರು ಕಚೇರಿಯ ಬೋರ್ಡಿನಲ್ಲಿದೆ. ತಕರಾರಿಗೆ 30 ದಿನ. ಬದುಕಿರುವ ಗಂಡನೋ ಹೆಂಡತಿಯೋ ಇದ್ದರೆ, ಹತ್ತಿರದ ರಕ್ತಸಂಬಂಧ ಇದ್ದರೆ, ಬುದ್ಧಿ ಸ್ಥಿಮಿತ ಇಲ್ಲದಿದ್ದರೆ, ವಯಸ್ಸು ಸಾಲದಿದ್ದರೆ ತಕರಾರು ಹಾಕಬಹುದು. ಜಾಸ್ತಿ ಆಯಿತು ಅಂತ ಹಾಕುವಂತಿಲ್ಲ. ದೊಡ್ಡಪ್ಪನಿಗೆ ಇದನ್ನೂ ಹೇಳಿಬಿಡು.

ವಿಲ್‌ಗೆ ನಿನ್ನ ಸಾಕ್ಷಿ ಬೇಡ, ಆಸ್ತಿ ಬರುವವರೇ ಸಹಿ ಹಾಕಿದರೆ ನಾಳೆ ಅನುಮಾನ ಪಡುತ್ತಾರೆ ಅಂದರು ವಕೀಲರಮ್ಮ. ಅದಕ್ಕೆ ಪಕ್ಕದ ಮನೆಯ ದಂಪತಿ ಹಾಕಿದ್ದಾರೆ. ಮದುವೆಗೆ ಮೂವರು ಸಾಕ್ಷಿ ಬೇಕು. ಪೋಸ್ಟ್ ಮಾಸ್ಟರ ತಂಗಿ ಬರುತ್ತಾರೆ, ಎದುರು ಮನೆಯ ಡಾಕ್ಟರು ಒಪ್ಪಿದ್ದಾರೆ. ಇನ್ನೊಬ್ಬರಿಗೆ ನಾನು ಯಾರನ್ನೂ ಕೇಳಿಲ್ಲ. ಆ 30 ದಿನ ಕಳೆದ ಮೇಲೆ, ನೋಟಿಸ್ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಯಾವಾಗ ಬೇಕಾದರೂ ಆಗಬಹುದು, ನಿನ್ನ ರಜೆ ನೋಡಿಕೊಂಡೇ ದಿನ ಹಿಡಿಯೋಣ. ಬರುವಾಗ ಆಧಾರ್ ಕಾರ್ಡ್ ತಾ. ಜೆರಾಕ್ಸ್ ಇಲ್ಲೇ ಮಾಡಿಸಬಹುದು.

ನಿನ್ನ
ಅಮ್ಮ