ಹಾಜರಿ ಪುಸ್ತಕದ ಕಾಕಾನಿಗೆ, ಮತ್ತೆ ನಿಮಗೆಲ್ಲರಿಗೂ

ಅಣ್ಣನ ಪರಿಹಾರದ ಆದೇಶ ಕಳೆದ ವಾರ ಕೈಗೆ ಬಂತು. ಎರಡೂವರೆ ವರ್ಷದಿಂದ "ಎಲ್ಲಿಗೆ ಬಂತು, ಏನಾಯ್ತು" ಅಂತ ಕೇಳುತ್ತಲೇ ಇದ್ದವರು ನೀವು. ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳುವುದು ಆಗದ ಮಾತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ. ಸೈಟಿನಲ್ಲಿ ಸಾರುವೆಯಿಂದ (ಎತ್ತರದ ಕೆಲಸಕ್ಕೆ ಕಟ್ಟುವ ಅಟ್ಟಣಿಗೆ) ಬಿದ್ದು ಅಣ್ಣನ ತಲೆಗೆ ಪೆಟ್ಟಾದದ್ದು, ಆಪರೇಷನ್, ಐಸಿಯುವಿನ ಹತ್ತೊಂಬತ್ತು ದಿನ ಎಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಕಾಗದದ ಕಥೆ. ಆ ಕಾಗದಗಳನ್ನು ಯಾರು ಉಳಿಸಿಕೊಟ್ಟರು ಅನ್ನುವುದೇ ಈ ಬರಹ.

ಮೊದಲು ಕಾಕಾ. ಹೆಸರು ಹಾಕುತ್ತಿಲ್ಲ, ಅವರೇ ಬೇಡವೆಂದರು. "ನನ್ನ ಹೆಸರ ಹಾಕಬ್ಯಾಡ್ರಿ, ನಾಳಿ ಮತ್ತ ಕೆಲಸಾ ಸಿಗಬೇಕಲ್ಲ." ಅಣ್ಣನ ಜೊತೆ ಬೆಂಗಳೂರಿನ ಸೈಟುಗಳಲ್ಲಿ ಕಂಬಿ ಕಟ್ಟುತ್ತಿದ್ದವರು. ರಕ್ತಸಂಬಂಧವೇನೂ ಇಲ್ಲ.

ಆ ರಾತ್ರಿ ನಾವು ಯಾದಗಿರಿಯಿಂದ ಹೊರಟ ಬಸ್ಸಿನಲ್ಲಿದ್ದೆವು. ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಅಣ್ಣನ ಪಕ್ಕ ನಿಂತಿದ್ದವರು ಇಬ್ಬರು: ಗುತ್ತಿಗೆದಾರನ ಸೂಪರ್‌ವೈಸರ್ ಮತ್ತು ಕಾಕಾ. ಹೇಗಾಯಿತು ಎಂದು ಡಾಕ್ಟರ್ ಕೇಳಿದ್ದಕ್ಕೆ ಸೂಪರ್‌ವೈಸರ್ "ರೂಮಿನ ಬಾತ್‌ರೂಮಲ್ಲಿ ಜಾರಿ ಬಿದ್ದ" ಅಂದುಬಿಟ್ಟ. ಡಾಕ್ಟರ್ ಹಾಗೇ ಬರೆದುಕೊಂಡರು. ಕಾಕಾ ಮುಂದೆ ಬಂದು, "ಇಲ್ರೀ ಸರ, ಅಂವ ರೂಮಿನ್ಯಾಗ ಬಿದ್ದಿಲ್ರಿ. ಎರಡನೇ ಸ್ಲ್ಯಾಬಿನ ಸಾರುವೆ ಮ್ಯಾಲಿಂದ ಬಿದ್ದಾನ್ರಿ. ನಾ ಕಣ್ಣಾರೆ ನೋಡೀನ್ರಿ, ನನ್ನ ಹೆಸರ್ಲೇ ಬರಕೋರಿ" ಅಂದರು. ಡಾಕ್ಟರ್ ಒಂದು ಗಳಿಗೆ ಇಬ್ಬರ ಮುಖವನ್ನೂ ನೋಡಿ, ಬರೆದದ್ದರ ಮೇಲೆ ಒಂದು ಗೆರೆ ಎಳೆದು, ಹೊಸದಾಗಿ ಬರೆದು ಪಕ್ಕದಲ್ಲಿ ಸಹಿ ಹಾಕಿದರು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ಆಸ್ಪತ್ರೆಯ ದಾಖಲೆ) ಆಯಿತು, ಠಾಣೆಗೆ ಸುದ್ದಿ ಹೋಯಿತು.

ಆ ಒಂದು ಸಾಲಿನ ಬೆಲೆ ನಮಗೆ ಆಮೇಲೆ ತಿಳಿಯಿತು. ನೌಕರರ ಪರಿಹಾರ ಕಾಯ್ದೆ 1923ರ 3ನೇ ಕಲಂ ಕೇಳುವುದು ಇದನ್ನೇ: ಗಾಯ ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಆದ ಅಪಘಾತದಿಂದ ಬಂದದ್ದೇ? ಕ್ಯಾಶುವಾಲಿಟಿಯ ಮೊದಲ ಟಿಪ್ಪಣಿಯಲ್ಲಿ ಇದ್ದದ್ದು ಕೇಸ್ ಶೀಟಿಗೆ ಹೋಗುತ್ತದೆ, ಅಲ್ಲಿಂದ ಡಿಸ್ಚಾರ್ಜ್ ಸಾರಾಂಶಕ್ಕೆ, ಅಲ್ಲಿಂದ ಗಾಯದ ಪ್ರಮಾಣಪತ್ರಕ್ಕೆ. ವಿಮಾ ಕಂಪನಿಯ ವಕೀಲರು ಮೊದಲು ತೆರೆಯುವ ಪುಟವೂ ಅದೇ. ಬಾತ್‌ರೂಮ್ ಅಂತ ಉಳಿದಿದ್ದರೆ ಮುಂದಿನ ಸಾಕ್ಷಿಗಳೆಲ್ಲ ಅದನ್ನು ತೊಳೆಯುವುದರಲ್ಲೇ ಸವೆದು ಹೋಗುತ್ತಿದ್ದರು. ತಲೆಗೆ ಪೆಟ್ಟು ಬಿದ್ದವನಿಗೆ ಆ ದಿನದ್ದೇ ನೆನಪಿರುವುದಿಲ್ಲ. ಅವನ ಬಾಯಿಂದ ಏನೂ ಬರುವ ಹಾಗಿಲ್ಲ. ಪಕ್ಕದಲ್ಲಿ ನಿಂತವರು ಹೇಳಿದ್ದೇ ದಾಖಲೆ.

ಬೆಳಗಿನ ಜಾವ ನಾಲ್ಕಕ್ಕೆ ಕಾಕಾ ಸೈಟಿನಲ್ಲಿ ಮಲಗಿದ್ದ ಹುಡುಗನಿಗೆ ಫೋನ್ ಮಾಡಿ, ಬೆಳಕು ಹರಿಯುತ್ತಲೇ ಸಾರುವೆಯ ಫೋಟೋ ತೆಗಿ ಅಂದಿದ್ದರು. ಏಳು ಫೋಟೋ. ಹಲಗೆ ಒಂದು ತುದಿಗೆ ಮಾತ್ರ ಬೈಂಡಿಂಗ್ ವೈರಿನಿಂದ ಕಟ್ಟಿದ್ದು, ಇನ್ನೊಂದು ತುದಿ ಸುಮ್ಮನೆ ಇಟ್ಟದ್ದು, ಪಕ್ಕಕ್ಕೆ ಹಿಡಿಯಲು ಅಡ್ಡ ಪೈಪ್ ಇಲ್ಲದ್ದು ಎಲ್ಲ ಕಾಣುತ್ತದೆ. ಒಂಬತ್ತು ಗಂಟೆಗೆ ಸಾರುವೆ ಬಿಚ್ಚಿ ಆಗಿತ್ತು. ಪೊಲೀಸರು ಸ್ಥಳ ಮಹಜರಿಗೆ ಬರುವ ಹೊತ್ತಿಗೆ ಅಲ್ಲಿದ್ದದ್ದು ಬರಿ ಗೋಡೆ.

ಇನ್ನು ಆ ಪುಸ್ತಕ. ನಲವತ್ತು ಪುಟದ, ಎಣ್ಣೆ ಹತ್ತಿದ ರಟ್ಟಿನ ನೋಟ್‌ಬುಕ್ಕು. ಯಾರು ಎಷ್ಟು ದಿನ ಬಂದರು, ಭಾನುವಾರದ ಬಟವಾಡೆಯಲ್ಲಿ ಎಷ್ಟು ಕೊಟ್ಟರು, ಎಷ್ಟು ಬಾಕಿ ಎಲ್ಲ ಕಾಕಾ ಬರೆದಿಡುತ್ತಿದ್ದರು. "ಇವನು ನಮ್ಮ ಕೆಲಸಗಾರನೇ ಅಲ್ಲ" ಎಂದು ಗುತ್ತಿಗೆದಾರ ಜವಾಬು ಹಾಕಿದಾಗ ಕೋರ್ಟಿನ ಮುಂದೆ ಇಡಲು ನಮ್ಮಲ್ಲಿದ್ದದ್ದು ಆ ಪುಸ್ತಕ, ಮತ್ತು ಅಣ್ಣನ ಫೋನ್‌ಪೇಗೆ ಬಂದಿದ್ದ ಆರು ಪಾವತಿಗಳು. ಪುಸ್ತಕದ ತಾರೀಕು, ಫೋನ್‌ಪೇ ತಾರೀಕು ಒಂದಕ್ಕೊಂದು ತಾಳೆಯಾದವು. ದಿನಕ್ಕೆ 700ರಂತೆ 26 ದಿನಕ್ಕೆ 18,200. ಆದರೆ 2020ರ ಜನವರಿಯಲ್ಲಿ ನಿಗದಿಯಾದ ಮಿತಿ ತಿಂಗಳಿಗೆ 15,000. ಎಷ್ಟೇ ದುಡಿದಿದ್ದರೂ ಲೆಕ್ಕಕ್ಕೆ ಹಿಡಿಯುವುದು ಅಷ್ಟನ್ನೇ. ಪೂರ್ತಿ ಶಾಶ್ವತ ಅಂಗವೈಕಲ್ಯವಾದರೆ ಅದರ ಶೇ 60, ಅಂದರೆ 9,000. ಅಪಘಾತದ ದಿನ ಅಣ್ಣನಿಗೆ 34 ತುಂಬಿತ್ತು. ಆ ವಯಸ್ಸಿಗೆ ಕಾಯ್ದೆಯ ಗುಣಕ 199.40. ಗುಣಿಸಿದರೆ 17,94,600.

ಅಷ್ಟೂ ಸಿಕ್ಕಿಲ್ಲ. ಯಾಕೆಂದರೆ ಮಿದುಳು ಆ ಪಟ್ಟಿಯಲ್ಲೇ ಇಲ್ಲ. ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹೆಬ್ಬೆರಳಿಗೆ ಶೇ 30, ಒಂದು ಕಣ್ಣಿಗೆ ಶೇ 40 ಎಂದೆಲ್ಲ ಇದೆ. ತಲೆಯೊಳಗಿನ ಪೆಟ್ಟಿಗೆ ಅಂಥ ಅಂಕಿ ಇಲ್ಲದ್ದರಿಂದ "ಗಳಿಸುವ ಶಕ್ತಿ ಎಷ್ಟು ಹೋಯಿತು" ಎಂದು ಡಾಕ್ಟರೇ ಲೆಕ್ಕ ಹಾಕಿ ಹೇಳಬೇಕು. ಎಲ್ಲರೂ ಎಡವುವ ಜಾಗ ಇದು. ನಮ್ಮ ಮೊದಲ ಸರ್ಟಿಫಿಕೇಟಿನಲ್ಲಿ ಇದ್ದದ್ದು ದೇಹದ ಅಂಗವೈಕಲ್ಯ ಶೇ 40 ಎಂದಷ್ಟೆ. ಅದನ್ನೇ ಹಿಡಿದಿದ್ದರೆ 7,17,840. ಅಣ್ಣ ನಡೆಯುತ್ತಾನೆ, ಉಣ್ಣುತ್ತಾನೆ, ಮಾತಾಡುತ್ತಾನೆ; ನೋಡಿದವರಿಗೆ ಏನೂ ಆದ ಹಾಗೆ ಕಾಣುವುದಿಲ್ಲ. ಕೊನೆಯ ಸಿಟಿ ಸ್ಕ್ಯಾನ್ ವರದಿಯೂ ಹೆಚ್ಚುಕಡಿಮೆ "ಸರಿ ಇದೆ" ಎನ್ನುವ ಹಾಗೇ ಇತ್ತು. ಸಿಟಿಯಲ್ಲಿ ಕಾಣುವುದು ರಕ್ತ, ಮೂಳೆ ಮುರಿತ. ನರತಂತುಗಳು ಎಳೆದು ಹರಿದದ್ದು ಅದರಲ್ಲಿ ಬಹಳ ಸಲ ಕಾಣುವುದೇ ಇಲ್ಲ.

ಇಲ್ಲಿ ಕೈ ಹಿಡಿದವರು ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ. ಪೆಟ್ಟಾದ ಆರು ತಿಂಗಳೊಳಗೆ ಪರೀಕ್ಷೆ ಬೇಡ, ಆಗ ಮಿದುಳು ಇನ್ನೂ ಚೇತರಿಸಿಕೊಳ್ಳುತ್ತಿರುತ್ತದೆ, ಆ ಅಂಕಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಅವರು ನಮ್ಮನ್ನು ತಡೆದರು. ಆಮೇಲೆ ಎರಡು ದಿನ ಕೂರಿಸಿ ಪೂರ್ತಿ ಪರೀಕ್ಷೆ ಮಾಡಿದರು: ನೆನಪು, ಗಮನ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಕೋಪ ತಡೆಯುವುದು. ನಿಮ್ಹಾನ್ಸ್‌ನಲ್ಲಿ ನಮ್ಮ ಜನರ ಮೇಲೆಯೇ ಅಳೆದು ರೂಪಿಸಿದ ಪರೀಕ್ಷೆಗಳಿವೆ, ಶಾಲೆಗೆ ಹೋಗದವರಿಗೂ ಅಳತೆಗೋಲು ಇದೆ ಎಂಬುದನ್ನು ಅವರಿಂದಲೇ ಕೇಳಿದ್ದು. ಆ ವರದಿ ಇಟ್ಟುಕೊಂಡು ನರರೋಗ ತಜ್ಞರು ಬರೆದುಕೊಟ್ಟರು: ಮೂರ್ಛೆ ಬರುವ ಸಂಭವ ಇರುವುದರಿಂದ ಎತ್ತರದಲ್ಲಿ ಕೆಲಸ ಮಾಡುವಂತಿಲ್ಲ, ಯಂತ್ರದ ಹತ್ತಿರ ನಿಲ್ಲುವಂತಿಲ್ಲ, ಗಳಿಸುವ ಶಕ್ತಿಯ ನಷ್ಟ ಶೇ 70. ಕೋರ್ಟಿಗೂ ಬಂದು ಸಾಕ್ಷಿ ನುಡಿದರು. ಡಾಕ್ಟರು ಕಟಕಟೆಗೆ ಬರದಿದ್ದರೆ ಸರ್ಟಿಫಿಕೇಟು ಬರಿ ಕಾಗದವಾಗಿ ಉಳಿಯುತ್ತಿತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ವರದಿ ಬರುವ ತನಕ ಅಣ್ಣನನ್ನು ನಾವೇ ಸೋಮಾರಿ ಅಂದಿದ್ದೆವು. ಅನ್ನ ಹೊತ್ತುತ್ತಿದ್ದರೂ ಸುಮ್ಮನೆ ಕೂತಿದ್ದನೆಂದು ಅತ್ತಿಗೆ ಅತ್ತರು, ನಾವು ಬೈದೆವು. ಅವನಿಗೆ ವಾಸನೆಯೇ ಬರುತ್ತಿರಲಿಲ್ಲ. ತಲೆಪೆಟ್ಟಿನಲ್ಲಿ ಮೂಗಿನ ನರ ಹರಿಯುವುದು ಉಂಟಂತೆ. ಅದಕ್ಕೆ ಕ್ಷಮೆ ಕೇಳಿದ್ದೇವೆ. ಅವನಿಗೆ ಕೇಳಿದ್ದೂ ನೆನಪಿಲ್ಲ. ಇರಲಿ.

ಶೇ 70ರ ಆ ಮಾತನ್ನು ಕೋರ್ಟಿನಲ್ಲಿ ಗಟ್ಟಿ ಮಾಡಿದ್ದು ಮತ್ತೆ ಕಾಕಾನೇ. ಪಾಟೀ ಸವಾಲಿನಲ್ಲಿ ವಿಮಾ ವಕೀಲರು "ಕೂತು ಮಾಡುವ ಕೆಲಸ ಮಾಡಬಹುದಲ್ಲ, ಕಂಬಿ ಬಾಗಿಸಬಹುದಲ್ಲ" ಅಂದರು. ಕಾಕಾ ಹೇಳಿದರು: ಊರಿಗೆ ಬಂದಾಗ ನಾನೇ ಕೂರಿಸಿ ನೋಡೀನ್ರಿ. 9ಕ್ಕೆ 12 ಇಂಚಿನ ಪಿಲ್ಲರಿಗೆ 8 ಎಂಎಂ ರಿಂಗು, ಹನ್ನೆರಡು ಬಾಗಸು ಅಂದೆ. ಮೊದಲಿನ ಮೂರು ಸರಿ. ನಾಕನೇದರಾಗ ಕೊಕ್ಕಿ ಬಿಟ್ಟ. ಐದನೇದು ಅಳತೀನೇ ಬ್ಯಾರೆ ಆತು. ಆರನೇದಕ್ಕ ರಾಡ್ ಕೈಯಾಗ ಹಿಡಿದು, ಕಾಕಾ ಇದು ಎದಕ್ಕ ಅಂದ. ಮೊದಲ ಅಂವ ದಿನಕ್ಕ ಇನ್ನೂರು ಬಾಗಸ್ತಿದ್ದ, ಟೇಪ್ ಮುಟ್ತಿದ್ದಿಲ್ಲ. ಕೋರ್ಟಿನಲ್ಲಿ ಯಾರೂ ಮಾತಾಡಲಿಲ್ಲ. ನಮ್ಮ ವಕೀಲರು ಪ್ರತಾಪ್ ನಾರಾಯಣ್ ಸಿಂಗ್ ದೇವ್ ಪ್ರಕರಣದ ಹಳೆಯ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟರು. ಎಡಗೈ ಕಳೆದುಕೊಂಡ ಬಡಗಿಗೆ ಬಲಗೈ ಇದ್ದರೂ ಬಡಗಿ ಕೆಲಸ ಹೋಯಿತಲ್ಲ ಎಂದು ಪೂರ್ತಿ ನಷ್ಟ ಹಿಡಿದದ್ದು ಅದರಲ್ಲೇ. ಶೇ 70 ನಿಂತಿತು: 12,56,220.

ಆ ಸಾಕ್ಷಿಗೆ ಕಾಕಾ ಮೂರು ಸಲ ಬೆಂಗಳೂರಿನಿಂದ ಬಸ್ಸು ಹತ್ತಿ ಬಂದಿದ್ದರು. ಎರಡು ಸಲ ಎದುರು ವಕೀಲರು ವಾಯ್ದೆ ಕೇಳಿದರು. ಒಂದೊಂದು ಸಲಕ್ಕೂ ಎರಡು ದಿನದ ಕೂಲಿ ಹೋಯಿತು. ಬಸ್ ಚಾರ್ಜು ಕೊಡಲು ಹೋದರೆ ಅಣ್ಣನ ಮಗಳ ಕೈಗೆ ಕೊಟ್ಟು ಹೋದರು.

ಕಾನೂನು ಸೇವಾ ಸಮಿತಿಯಿಂದ ಸಿಕ್ಕ ವಕೀಲರಿಗೆ ಎಷ್ಟು ಹೇಳಿದರೂ ಕಡಿಮೆ. ಅಂಗವಿಕಲರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೆ ದಾರಿ ತೋರಿಸುತ್ತಾರೆ. ಅಪಘಾತ ಬೆಂಗಳೂರಿನಲ್ಲಾದರೂ ನಾವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು ಎಂದು ಹೇಳಿ ನಮ್ಮ ಓಡಾಟ ಉಳಿಸಿದ್ದು ಅವರು. 1923ರ ಕಾಯ್ದೆಯಲ್ಲಿ ನಮ್ಮ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರೇ ಪರಿಹಾರದ ಕಮಿಷನರ್ ಆಗಿದ್ದರು. ಗುತ್ತಿಗೆದಾರ ಒಬ್ಬನನ್ನೇ ಎಳೆಯಬೇಡಿ, ಅವನು ಕೈ ಎತ್ತುತ್ತಾನೆ. 12ನೇ ಕಲಂ ಪ್ರಕಾರ ಕೆಲಸವನ್ನು ಗುತ್ತಿಗೆ ಕೊಟ್ಟ ಮೂಲ ಮಾಲೀಕನನ್ನೂ, ಪಾಲಿಸಿ ಇದ್ದರೆ ವಿಮಾ ಕಂಪನಿಯನ್ನೂ ಸೇರಿಸಿ ಎಂದರು. ಇಎಸ್‌ಐ (ನೌಕರರ ರಾಜ್ಯ ವಿಮೆ) ನಂಬರ್ ಇದೆಯೇ ಎಂದು ಮೊದಲೇ ನೋಡಿದರು: ಅಣ್ಣ ಇಎಸ್‌ಐ ಕೆಳಗೆ ಬಂದಿದ್ದರೆ ಈ ಅರ್ಜಿಗೆ ದಾರಿಯೇ ಇಲ್ಲ, ಅಲ್ಲಿಯೇ ಅಂಗವೈಕಲ್ಯ ಭತ್ಯೆ ಕೇಳಬೇಕಿತ್ತು. ಅರ್ಜಿಗೆ ಗಡುವು ಎರಡು ವರ್ಷ ಇತ್ತು. ತಲೆಪೆಟ್ಟಿನ ಮನೆಗಳಲ್ಲಿ ಆ ಎರಡು ವರ್ಷ ಆಸ್ಪತ್ರೆಯಲ್ಲೇ ಕರಗಿಬಿಡುತ್ತದೆ.

ಒಂದೂವರೆ ಲಕ್ಷ ಹಿಡಿದು ಸ್ಟಾಂಪ್ ಪೇಪರ್ ತಂದವರನ್ನು ಬಾಗಿಲಲ್ಲೇ ನಿಲ್ಲಿಸಿದ್ದು ಅತ್ತಿಗೆ. ಹಕ್ಕು ಬಿಟ್ಟುಕೊಡುವ ಅಂಥ ಬರಹ ಕಾಯ್ದೆಯ 17ನೇ ಕಲಂ ಮುಂದೆ ಊರ್ಜಿತವಲ್ಲ, ರಾಜಿಯಾದರೂ ಕಮಿಷನರ್ ಮುಂದೆ ನೋಂದಾಯಿಸಬೇಕು. ಆಗ ಅತ್ತಿಗೆಗೆ ಇದೊಂದೂ ಗೊತ್ತಿರಲಿಲ್ಲ; "ಅಂವಗ ತಲಿ ನೆಟ್ಟಗಿಲ್ಲ, ಸಹಿ ಹೆಂಗ ಮಾಡ್ತಾನ?" ಎಂದಷ್ಟೇ ಕೇಳಿದ್ದರು. ಹೆಲ್ಮೆಟ್ ಹಾಕಿರಲಿಲ್ಲ ಎಂಬ ವಾದ ಹನ್ನೊಂದು ಜನಕ್ಕೆ ಸೈಟಿನಲ್ಲಿ ಇದ್ದದ್ದೇ ಎರಡು ಹೆಲ್ಮೆಟ್ ಎಂಬಲ್ಲಿಗೆ ಬಿತ್ತು. ಮಾಡಿದ ಖರ್ಚಿನ ಮೂಲ ಬಿಲ್ಲುಗಳನ್ನು ತಾರೀಕಿನ ಪ್ರಕಾರ ಜೋಡಿಸಿದ ಭಾವ, ಸಾಲ ಕೊಟ್ಟು ಬಾಯಿ ಬಿಡದ ಪಕ್ಕದ ಮನೆಯವರು, ಆಸ್ಪತ್ರೆಯ ನರ್ಸುಗಳು, ಊಟ ಕಳಿಸಿದ ಲೇಬರ್ ಶೆಡ್ಡಿನ ಹೆಣ್ಣುಮಕ್ಕಳು, ನಿಮಗೆಲ್ಲ ಒಂದೇ ಸಾಲಿನಲ್ಲಿ ಕೈ ಮುಗಿಯುತ್ತೇವೆ, ಮುನಿಸಿಕೊಳ್ಳಬೇಡಿ.

ಅಸಲಿನ ಮೇಲೆ ವರ್ಷಕ್ಕೆ ಶೇ 12 ಬಡ್ಡಿ, ಅಂದರೆ ತಿಂಗಳಿಗೆ ಸುಮಾರು 12,562 ಸೇರುತ್ತದೆ. ಪರಿಹಾರ ತಡ ಮಾಡಿದ್ದಕ್ಕೆ ಹಾಕುವ ದಂಡದ ವಿಚಾರಣೆ ಇನ್ನೂ ಬಾಕಿ ಇದೆ. ಅದನ್ನು ಶೇ 50ರ ತನಕ ಹಾಕಬಹುದು, ಮತ್ತು ಅದು ವಿಮೆಯವರದ್ದಲ್ಲ, ಮಾಲೀಕನ ಜೇಬಿನಿಂದಲೇ ಬರಬೇಕು. ಬಂದದ್ದರಲ್ಲಿ ದೊಡ್ಡ ಪಾಲು ಅಣ್ಣನ ಹೆಸರಿನ ಠೇವಣಿಗೆ. 2025ರ ನವೆಂಬರ್ 21ರಿಂದ 1923ರ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ; ಹೊಸ ಪ್ರಕರಣದವರು ಕಲಂ ನಂಬರುಗಳನ್ನು ನಮ್ಮ ಅರ್ಜಿಯಿಂದ ಹಾಗೇ ನಕಲು ಮಾಡಬೇಡಿ.

ಕಾಕಾ ಕೇಳಿದ್ದು ಒಂದೇ, ಆ ಪುಸ್ತಕ ವಾಪಸ್ಸು ಬೇಕು. ಕೊನೆಯ ಪುಟದಲ್ಲಿ ಇನ್ನೊಬ್ಬ ಹುಡುಗನ ಹನ್ನೊಂದು ದಿನದ ಬಾಕಿ ಇದೆಯಂತೆ. ಮೇಲ್ಮನವಿಯ 60 ದಿನ ಕಳೆದ ಮೇಲೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಬೇಕು. ಆ ದಿನ ತಾವೇ ಬರುತ್ತೇನೆ ಅಂದಿದ್ದಾರೆ.