ಹೆಸರಿನಿಂದ ಮೊದಲಾಗುವ ಓದು

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾಲ್ಕೈದು ವರ್ಷದ ಮಕ್ಕಳ ತರಗತಿಯನ್ನು ನಿನಗೆ ವಹಿಸಿದ್ದಾರೆಂದು ತಿಳಿದು ಬಹಳ ಸಂತೋಷವಾಯಿತು. ಅಕ್ಷರ ಕಲಿಸುವ ವಿಧಾನಗಳನ್ನು ನೀನು ತರಬೇತಿಯಲ್ಲಿ ಕಲಿತೇ ಬಂದಿರುವೆ. ನಾನು ಹೇಳಬೇಕೆಂದಿರುವುದು ಅದಕ್ಕೂ ಮೊದಲಿನ ಮಾತು, ಮಗುವಿನ ಹೆಸರಿನ ಮಾತು.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಬ್ಬ ಹುಡುಗಿಯ ಹೆಸರು ನನ್ನ ನಾಲಿಗೆಗೆ ಹೊರಳದೆಂಬ ಒಂದೇ ಕಾರಣಕ್ಕೆ ಅದನ್ನು ಮೊಟಕುಗೊಳಿಸಿ ಕರೆಯತೊಡಗಿದೆ. ಹಾಜರಿ ಕೂಗಿದರೆ ಅವಳು ಓಗೊಡುತ್ತಿರಲಿಲ್ಲ. ಕಥೆಯ ಹೊತ್ತಿನಲ್ಲಿ ಚಾಪೆಯ ಅಂಚಿನ ಎಳೆಗಳನ್ನು ಬಿಡಿಸುತ್ತಾ ಕೂತಿರುತ್ತಿದ್ದಳು. 'ಗ್ರಹಿಕೆ ಕಡಿಮೆ' ಎಂದು ಅವಳ ಪ್ರಗತಿ ಪುಸ್ತಕದಲ್ಲಿ ಬರೆದೂ ಬಿಟ್ಟೆ. ಒಂದು ಸಂಜೆ ಅವಳಜ್ಜಿ ಬಾಗಿಲಲ್ಲಿ ನಿಂತು ಪೂರ್ತಿ ಹೆಸರು ಹಿಡಿದು ಕರೆದಾಗ ಆ ಮಗು ಓಡಿಹೋಗಿ, ತನ್ನ ಮನೆಮಾತಿನಲ್ಲಿ, ನರಿ ಬಾಲ ಮುದುರಿಕೊಂಡದ್ದನ್ನೂ ಕೈಯಲ್ಲಿ ತೋರಿಸುತ್ತಾ, ಅಂದು ನಾನು ಹೇಳಿದ್ದ ಕಥೆಯನ್ನೇ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿತು. ಕಡಿಮೆಯಾಗಿದ್ದದ್ದು ನನ್ನ ಗ್ರಹಿಕೆ. ಬರೆದದ್ದನ್ನು ಆ ರಾತ್ರಿಯೇ ಹೊಡೆದುಹಾಕಿದೆ. ಆದರೂ ಅದರ ನೋವು ಇಂದಿಗೂ ನನ್ನಲ್ಲಿದೆ.

ಮರುದಿನ ಎಲ್ಲರ ಹೆಸರನ್ನೂ ದಪ್ಪ ಕಾಗದದ ಚೀಟಿಗಳಲ್ಲಿ ಬರೆದು ಹರಡಿದೆ. ಅವಳು ತನ್ನ ಚೀಟಿಯ ಮೊದಲ ಅಕ್ಷರದ ಮೇಲೆ ಬೆರಳಿಟ್ಟು ತುಸು ಹೊತ್ತು ನೋಡಿ, ಅದೇ ಅಕ್ಷರವನ್ನು ಇನ್ನೊಬ್ಬ ಹುಡುಗನ ಚೀಟಿಯಲ್ಲಿ ಕಂಡುಹಿಡಿದಳು. ವರ್ಣಮಾಲೆಯನ್ನು ನೂರು ಸಲ ಬಾಯಿಪಾಠ ಮಾಡಿಸಿದರೂ ಬಾರದ ಅರಿವು, ಗೆರೆಗೂ ಧ್ವನಿಗೂ ನಂಟಿದೆಯೆಂಬ ಅರಿವು, ಆ ಕ್ಷಣದಲ್ಲಿ ಅವಳಿಗೆ ಬಂತು.

ಸಮಾನತೆಯೆಂದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಬಡಿಸುವುದೆಂದು ತಿಳಿಯಬೇಡ. ಪ್ರಶ್ನೆ ಕೇಳಿದೊಡನೆ ಕೈಯೆತ್ತುವ ಮಗುವಿಗೆ ನಿನ್ನ ನೆರವು ಅಷ್ಟಾಗಿ ಬೇಕಿಲ್ಲ. ಮನೆಮಾತಿನಿಂದ ಶಾಲೆಯ ಮಾತಿಗೆ ಮನಸ್ಸಿನಲ್ಲೇ ದಾಟಿ ಬರಬೇಕಾದ ಮಗುವಿಗಾಗಿ ನೀನು ಇನ್ನಷ್ಟು ಹೊತ್ತು ಕಾಯಬೇಕು. ಅದು ಕಥೆ ಹೇಳುವಾಗ ನಡುವೆ ತಿದ್ದದೆ, ಹೇಳಿದ ಹಾಗೆಯೇ ಬರೆದುಕೊಂಡು, ಅದರೆದುರೇ ಓದಿ ತೋರಿಸು. ಮಗುವಿನ ತಂದೆತಾಯಿ, ಭಾಷೆ ಮತ್ತು ಸಂಸ್ಕೃತಿಯ ಬಗ್ಗೆ ಗೌರವ ಬೆಳೆಸುವುದೂ ಶಿಕ್ಷಣದ ಗುರಿಯೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 29ನೇ ವಿಧಿ ಹೇಳುತ್ತದೆ.

ಪುಸ್ತಕದ ಕಪಾಟನ್ನೂ ಒಮ್ಮೆ ಮಗುವಿನ ಎತ್ತರಕ್ಕೆ ಕೂತು ನೋಡು. ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿಗಳಾದ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಅವರು 1940ರ ದಶಕದಲ್ಲಿ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳೆದುರು ಕಪ್ಪು ಮತ್ತು ಬಿಳಿ ಬೊಂಬೆಗಳನ್ನಿಟ್ಟು ಯಾವುದು ಚೆಂದವೆಂದು ಕೇಳಿದಾಗ ಹೆಚ್ಚಿನವರು ಬಿಳಿಯದನ್ನೇ ತೋರಿಸಿದರು. 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆಯಾಗಿ ಇರಿಸುವುದನ್ನು ಸಂವಿಧಾನಬಾಹಿರವೆಂದು ಸಾರಿದಾಗ ಈ ಕುರಿತ ಬರಹವನ್ನೂ ಉಲ್ಲೇಖಿಸಿತು. ಅಷ್ಟು ಎಳೆಯ ವಯಸ್ಸಿನಲ್ಲೇ ತನ್ನ ಬೆಲೆಯನ್ನು ಮಗು ಸುತ್ತಲಿನಿಂದ ಓದಿಕೊಳ್ಳುತ್ತದೆ. ನಿನ್ನ ಕಪಾಟಿನ ಚಿತ್ರಗಳಲ್ಲಿ ಯಾವ ಮಗುವಿನ ಮನೆಯವರಂಥವರು ಎಲ್ಲಿಯೂ ಕಾಣಿಸುವುದಿಲ್ಲವೋ ಗುರುತಿಸಿಕೊ. ಅಂಥ ಪುಸ್ತಕ ಸಿಗದಿದ್ದರೆ ಆ ಮಗುವಿನ ಕಥೆಯನ್ನೇ ಹೊಲಿದು ಪುಸ್ತಕ ಮಾಡಿ ಅಲ್ಲಿಡು.

ಸೋಮವಾರ ಹಾಜರಿ ಪುಸ್ತಕ ತೆರೆಯುವ ಮುನ್ನ, ಪ್ರತಿಯೊಂದು ಹೆಸರನ್ನೂ ಮನೆಯವರ ಬಾಯಿಂದಲೇ ಕೇಳಿ, ಅವರು ಉಚ್ಚರಿಸಿದಂತೆ ಪಕ್ಕದಲ್ಲಿ ಬರೆದಿಟ್ಟುಕೊ.

ಇಂತಿ,
ನಿನ್ನ ದೊಡ್ಡಮ್ಮ