ಪ್ರತಿ ಮಗುವಿಗೂ ಒಂದು ಲೋಟ ಕೊಡಿ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಸಮವಸ್ತ್ರ, ಶೂ, ಸಾಕ್ಸ್ ಕೊಡುವ ಹಾಗೆ ಪ್ರತಿ ಮಗುವಿಗೂ ಒಂದು ಸ್ಟೀಲ್ ಲೋಟ ಕೊಡಿ ಎಂದು ಕೇಳಲು ಬರೆಯುತ್ತಿದ್ದೇನೆ.

2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ನಮ್ಮ ಮಕ್ಕಳಿಗೆ ಶಾಲೆಯಲ್ಲೇ ಬಿಸಿ ಹಾಲು ಸಿಗುತ್ತಿದೆ. ಅದು ದೊಡ್ಡ ಕೆಲಸ. ಆದರೆ ಹಾಲು ಹಂಚುವ ಹೊತ್ತಿಗೆ ಒಮ್ಮೆ ಬಂದು ನೋಡಿ. ಇರುವ ಮಕ್ಕಳಿಗೆ ಸಾಲುವಷ್ಟು ಲೋಟ ಇಲ್ಲ. ಮೊದಲ ಸಾಲಿನವರು ಕುಡಿದಿಟ್ಟ ಲೋಟಗಳನ್ನು ಒಂದು ಬಕೆಟ್ ನೀರಲ್ಲಿ ಅದ್ದಿ ತೆಗೆದು, ಮುಂದಿನ ಸಾಲಿಗೆ ಹಾಲು ಹಾಕುತ್ತಾರೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಬಕೆಟ್ ನೀರು ಬೆಳ್ಳಗೆ, ಜಿಡ್ಡುಜಿಡ್ಡಾಗಿರುತ್ತದೆ. ಎಲ್ಲರ ಎಂಜಲೂ ಎಲ್ಲ ಲೋಟಕ್ಕೂ ಹತ್ತಿರುತ್ತದೆ. ಅಡುಗೆಯವರನ್ನು ಬೈದು ಪ್ರಯೋಜನವಿಲ್ಲ. ಅಷ್ಟು ಮಕ್ಕಳಿಗೆ ಬೇಯಿಸಿ ಬಡಿಸುವುದೂ ಅವರೇ, ತೊಳೆಯುವುದೂ ಅವರೇ.

ನೀರಿನ ಡ್ರಮ್ಮಿನ ಕಥೆಯೂ ಇಷ್ಟೇ. ಒಂದೇ ಲೋಟ. ಕಚ್ಚಿ ಕುಡಿದ ಮಗು ಅದನ್ನೇ ಕೈಸಮೇತ ಮತ್ತೆ ಒಳಗೆ ಮುಳುಗಿಸುತ್ತದೆ. ಶೌಚಕ್ಕೆ ಹೋಗಿ ಸೋಪು ಮುಟ್ಟದೆ ಬಂದ ಕೈಯಾದರೆ ಕಾಮಾಲೆ ಹರಡಲು ಬೇರೇನೂ ಬೇಡ.

ಮಂಗನ ಬಾವು ಎಂಜಲಿನಿಂದ ಹರಡುವ ರೋಗ. ಕೆನ್ನೆ ಊದುವ ಒಂದೆರಡು ದಿನ ಮೊದಲೇ ಮಗುವಿನಿಂದ ಬೇರೆಯವರಿಗೆ ಅಂಟಲು ಶುರುವಾಗುತ್ತದೆ. ಆಗ ಅದು ಆಡಿಕೊಂಡೇ ಇರುತ್ತದೆ, ಯಾರಿಗೂ ಅನುಮಾನ ಬರೋದಿಲ್ಲ. ಅಂಟಿದವರಿಗೆ ಊತ ಕಾಣಿಸಲು ಎರಡು ಮೂರು ವಾರ ಹಿಡಿಯುತ್ತದೆ. ಹೆಚ್ಚಿನ ಮಕ್ಕಳಿಗೆ ತಾನಾಗೇ ವಾಸಿಯಾಗುತ್ತದೆ, ನಿಜ. ಆದರೆ ಅಪರೂಪಕ್ಕೆ ಒಂದು ಮಗುವಿಗೆ ಕಿವಿಯೇ ಕೇಳದಂತಾಗುತ್ತದೆ. ಸರ್ಕಾರದ ಉಚಿತ ಲಸಿಕೆಯಲ್ಲಿ ದಡಾರ, ರುಬೆಲ್ಲಾ ಸೇರಿವೆ, ಮಂಗನ ಬಾವು ಸೇರಿಲ್ಲ. ದುಡ್ಡು ಕೊಟ್ಟು ಈ ಮೂರನ್ನೂ ತಡೆಯುವ ಎಂಎಂಆರ್ ಲಸಿಕೆ ಹಾಕಿಸುವ ಶಕ್ತಿ ಕೂಲಿಗೆ ಹೋಗುವ ತಾಯಂದಿರಿಗೆ ಎಲ್ಲಿದೆ? ಕೆಮ್ಮು, ಸೀನಿನಿಂದಲೂ ಇದು ಹರಡುತ್ತದೆ. ಲೋಟ ಕೊಟ್ಟ ಮಾತ್ರಕ್ಕೆ ಪೂರ್ತಿ ನಿಲ್ಲುವುದಿಲ್ಲ. ಆದರೂ ಹಾಲಿನ ಜೊತೆ ಶಾಲೆಯೇ ರೋಗ ಹಂಚುವುದು ತಪ್ಪುತ್ತದೆ, ಅಲ್ವಾ?

ಲೋಟ ಬೇರೆ ಮಾಡುವುದು ಅಂದಾಗ ನಮ್ಮ ಊರುಗಳಲ್ಲಿ ಏನು ನೆನಪಾಗುತ್ತದೆ ಅಂತ ನಿಮಗೂ ಗೊತ್ತು. ಹೋಟೆಲಿನಲ್ಲಿ ಕೆಲವರಿಗೆ ಮಾತ್ರ ಬೇರೆ ಲೋಟ ಇಡುತ್ತಿದ್ದ ಕಾಲವನ್ನು ಜನ ಮರೆತಿಲ್ಲ. ಅದಕ್ಕೇ ಮನೆಯಿಂದ ತರಿಸಬೇಡಿ, ಎಲ್ಲರಿಗೂ ಒಂದೇ ಥರದ್ದನ್ನು ಸರ್ಕಾರವೇ ಕೊಡಲಿ. ಅಪ್ಪನಿಗೆ ಟಿಬಿ ಇದೆ ಎಂದು ಮಗುವಿನ ತಟ್ಟೆಯನ್ನು ಬೇರೆ ಇಡಿಸಿದ್ದನ್ನು ನಾನು ಕಂಡಿದ್ದೇನೆ. ಟಿಬಿ ಗಾಳಿಯಿಂದ ಹರಡುತ್ತದೆ, ತಟ್ಟೆ ಲೋಟದಿಂದ ಹರಡುವುದಿಲ್ಲ. ಎಚ್‌ಐವಿಯೂ ಎಂಜಲಿನಿಂದ ಬರುವುದಿಲ್ಲ. ಈ ಮಾತನ್ನು ಸುತ್ತೋಲೆಯಲ್ಲೇ ಬರೆಸಿ, ಶಾಲೆಯ ಗೋಡೆಗೆ ಅಂಟಿಸಿ.

ಲೋಟದ ಮೇಲೆ ಹೆಸರು ಕೊರೆಯುವುದು ಪಾತ್ರೆ ಅಂಗಡಿಯವರಿಗೆ ನಿಮಿಷದ ಕೆಲಸ. ಡ್ರಮ್ಮಿಗೆ ಒಂದು ನಲ್ಲಿ ಕೂರಿಸಿದರೆ ಯಾರೂ ಒಳಗೆ ಕೈ ಹಾಕಬೇಕಿಲ್ಲ. ಸೋಪು, ಪಾತ್ರೆ ಉಜ್ಜುವ ನಾರಿಗೆ ಬೇಕಾದ ದುಡ್ಡನ್ನು ಬಿಸಿಯೂಟದ ಲೆಕ್ಕದಲ್ಲೇ ಸೇರಿಸಿ. ಮಂಗನ ಬಾವಿನ ಲಸಿಕೆಯ ವಿಷಯವನ್ನು ಆರೋಗ್ಯ ಸಚಿವರ ಜೊತೆ ಮಾತಾಡಿ. ಮುಂದಿನ ವರ್ಷದ ಸಮವಸ್ತ್ರದ ಜೊತೆಗೇ ಲೋಟವೂ ಬರುವಂತೆ ಈಗಲೇ ಆದೇಶ ಮಾಡಿ.

ಇಂತಿ,
ಒಬ್ಬ ಎಸ್‌ಡಿಎಂಸಿ ಸದಸ್ಯೆ